ಕಟ್ಟಿಗೆ ಆಯ್ದ ಅತಿಥಿ

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಸಂತ ಪೌಲರ ಹೆಸರು ಹೊತ್ತ ಒಂದು ಕಡಲತೀರದ ಊರಿದೆ. ಬಿಸಿಲನ್ನೂ ಹಳೆಯ ಕೋಟೆಕೊತ್ತಲಗಳನ್ನೂ ಅರಸಿ ಯುರೋಪಿನ ಜನರು ಆ ದ್ವೀಪಕ್ಕೆ ರಜೆ ಕಳೆಯಲು ಬರುತ್ತಾರೆ. ಪೌಲರಾದರೋ ರಜೆಗೆ ಬಂದವರಲ್ಲ. ಒಡೆದ ಹಡಗಿನಿಂದ ದಡ ಸೇರಿದ 276 ಜನರಲ್ಲಿ ಒಬ್ಬ ಸೆರೆಯಾಳು. ಮಳೆ, ಚಳಿ. ಭಾಷೆಯೇ ಬೇರೆಯಾಗಿದ್ದ ದ್ವೀಪವಾಸಿಗಳು ಬೆಂಕಿ ಹೊತ್ತಿಸಿ ಎಲ್ಲರನ್ನೂ ಬರಮಾಡಿಕೊಂಡರೆಂದು ಪ್ರೇಷಿತರ ಕಾರ್ಯಕಲಾಪಗಳ 28ನೆಯ ಅಧ್ಯಾಯ ತಿಳಿಸುತ್ತದೆ. ನಮಗೆ ನೆನಪಿರುವುದು ಪೌಲರ ಕೈಗೆ ಸುತ್ತಿಕೊಂಡ ಹಾವು. ಆ ಹಾವು ಹೊರಬಂದದ್ದು ಅವರು ತಾವೇ ಆಯ್ದು ತಂದು ಬೆಂಕಿಗೆ ಹಾಕಿದ ಕಟ್ಟಿಗೆಯಿಂದ ಎಂಬುದನ್ನು ಮರೆಯುತ್ತೇವೆ. ಅತಿಥಿಯೂ ಸುಮ್ಮನೆ ಕುಳಿತು ಮೈ ಕಾಯಿಸಿಕೊಳ್ಳಲಿಲ್ಲ.

ಕಡಲಿಲ್ಲದ ನಮ್ಮ ಕೊಪ್ಪಳ ಸೀಮೆಗೂ ಬಿಸಿಲಿನ, ಇತಿಹಾಸದ ಕೊರತೆಯಿಲ್ಲ. ಗಂಗಾವತಿಯಿಂದ ಆನೆಗೊಂದಿಯ ಹಾದಿ ಹಿಡಿದರೆ ಭತ್ತದ ಗದ್ದೆ, ಬಂಡೆಗುಡ್ಡ, ತುಂಗಭದ್ರೆಯ ಆಚೆ ದಡದಲ್ಲಿ ಹಂಪಿ. ಕುಷ್ಟಗಿ, ಯಲಬುರ್ಗಾಗಳಿಂದ ನಾವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಬುತ್ತಿ ಬಿಚ್ಚಿ ಉಂಡು, ತಟ್ಟೆ ಬಾಟಲಿಗಳನ್ನು ಅಲ್ಲಿಯೇ ಬಿಟ್ಟು, ನೋಡಿದೆವೆಂಬ ತೃಪ್ತಿಯಿಂದ ಮರಳುತ್ತೇವೆ. ಯಾರದೋ ಹೊಲದ ಬದುವನ್ನು ತುಳಿದೆವೆಂಬ ಎಚ್ಚರವೂ ಇರುವುದಿಲ್ಲ. ಇದು ಅತಿಥಿಯ ಪಾಲಿನ ಮಾತಾಯಿತು. ಆತಿಥೇಯರ ಪಾಲು ಇದಕ್ಕಿಂತ ಭಾರವಾದುದು.

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಸಮೀಪ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಐವರ ಮೇಲೆ ದುಷ್ಕರ್ಮಿಗಳು ಎರಗಿದರು. ಇಸ್ರೇಲಿನ ಪ್ರವಾಸಿ ಮಹಿಳೆಯೂ ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯೂ ಅತ್ಯಾಚಾರಕ್ಕೆ ಗುರಿಯಾದರು. ಕಾಲುವೆಗೆ ತಳ್ಳಲ್ಪಟ್ಟ ಮೂವರಲ್ಲಿ ಒಡಿಶಾದ ಯುವಕ ಬದುಕಿ ಬರಲಿಲ್ಲ.

ಸುದ್ದಿ ತಿಳಿದಾಗ ನಿಮ್ಮ ಮನಸ್ಸಿಗೆ ಮೊದಲು ಬಂದದ್ದೇನು? ‘ಅಷ್ಟು ಹೊತ್ತಿನಲ್ಲಿ ಅವರು ಅಲ್ಲೇಕೆ ಇದ್ದರು?’ ಎಂಬ ಪ್ರಶ್ನೆ ನನ್ನೊಳಗೂ ಎದ್ದಿತ್ತೆಂದು ನಾಚಿಕೆಯಿಂದಲೇ ಬರೆಯುತ್ತೇನೆ. ಮಾಲ್ಟಾದವರೂ ಹಾಗೆಯೇ ಮಾಡಿದ್ದರು. ಹಾವು ಪೌಲರ ಕೈಗೆ ಜೋತುಬಿದ್ದುದನ್ನು ಕಂಡೊಡನೆ, ಈತ ಕೊಲೆಗಾರನೇ ಇರಬೇಕೆಂದು ತಮ್ಮತಮ್ಮಲ್ಲೇ ಆಡಿಕೊಂಡರು. ಬೆಂಕಿ ಹೊತ್ತಿಸಿದ ಕೈಗಳು ಅವರವೇ, ತೀರ್ಪು ಕೊಟ್ಟ ನಾಲಿಗೆಗಳೂ ಅವರವೇ! ನೊಂದವರಲ್ಲಿಯೇ ತಪ್ಪು ಕಂಡುಬಿಟ್ಟರೆ ನಮ್ಮ ಹೊಣೆ ಹಗುರಾಗುತ್ತದಲ್ಲವೇ? ಕತ್ತಲಾದ ಮೇಲೆ ನಮ್ಮ ದಂಡೆ ಯಾಕೆ ಪರಸ್ಥಳದವರಿಗೆ ಸುರಕ್ಷಿತವಲ್ಲ, ನಾವು ಎಂಥ ಗಂಡುಮಕ್ಕಳನ್ನು ಬೆಳೆಸುತ್ತಿದ್ದೇವೆ ಎಂದು ಕೇಳಿಕೊಳ್ಳುವ ಕಷ್ಟವೇ ಉಳಿಯುವುದಿಲ್ಲ.

ದ್ವೀಪದವರು ಮಾತ್ರ ಆ ಮೊದಲ ಮಾತಿಗೆ ಅಂಟಿಕೊಂಡು ಕೂರಲಿಲ್ಲ. ಮುಖ್ಯಸ್ಥನಾದ ಪುಬ್ಲಿಯ ಮೂರು ದಿನ ಅವರನ್ನು ಸತ್ಕರಿಸಿದನು. ಜ್ವರದಿಂದ ಮಲಗಿದ್ದ ಅವನ ತಂದೆಯನ್ನು ಪೌಲರು ಗುಣಪಡಿಸಿದರು. ಮೂರು ತಿಂಗಳ ಬಳಿಕ ಹೊರಟು ನಿಂತಾಗ, ಪ್ರಯಾಣಕ್ಕೆ ಬೇಕಾದುದನ್ನೆಲ್ಲ ಆ ಜನರೇ ತಂದು ಹಡಗಿನಲ್ಲಿ ತುಂಬಿಕೊಟ್ಟರು.