ದಂಪತಿಗಳೂ ಮನೆಯ ಲೆಕ್ಕವೂ

ಹಣದ ವಿಷಯದಲ್ಲಿ ಗಂಡಹೆಂಡಿರು ಒಮ್ಮನಸ್ಸಿನವರಾದರೆ ಸಾಕು, ಆ ಸಂಸಾರವು ಧರ್ಮದಿಂದ ನಡೆಯುವುದೆಂದು ಲೋಕವು ನಂಬುತ್ತದೆ. ಆದರೆ ಒಮ್ಮತವೇ ಧರ್ಮವಾದೀತೇ? ಕ್ರೈಸ್ತರ ವೇದದ ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದ 5ನೆಯ ಅಧ್ಯಾಯವು ಇದಕ್ಕೆ ಉತ್ತರವೀಯುತ್ತದೆ. ಅನನೀಯ, ಸಪ್ಫೈರ ಎಂಬ ದಂಪತಿಗಳು ಭೂಮಿಯನ್ನು ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು, ಉಳಿದುದನ್ನೇ ಪೂರ್ಣವೆಂದು ತೋರಿಸಿ ಅರ್ಪಿಸಿದರು. ಅವರಲ್ಲಿ ಒಮ್ಮತಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸತ್ಯಕ್ಕೆ. ಭೂಮಿಯೂ ಹಣವೂ ಅವರ ಸ್ವಾಧೀನದಲ್ಲಿಯೇ ಇದ್ದುವೆಂದು ಪೇತ್ರನು ಒಪ್ಪುತ್ತಾನೆ. ಉಳಿಸಿಕೊಂಡುದು ದೋಷವಲ್ಲ, ಮರೆಮಾಚಿದುದು ದೋಷ.

ಇನ್ನೊಂದು ಅಂಶವು ಗಮನಾರ್ಹವಾದುದು. ಪತಿಯು ಸತ್ತ ಸುಮಾರು ಮೂರು ಗಂಟೆಗಳ ತರುವಾಯ ಬಂದ ಪತ್ನಿಯನ್ನು ಪೇತ್ರನು ಪ್ರತ್ಯೇಕವಾಗಿ ಪ್ರಶ್ನಿಸುತ್ತಾನೆ. ಗಂಡನ ಮಾತಿನ ಮರೆಯು ಆಕೆಗೆ ದೊರೆಯಲಿಲ್ಲ. ಉತ್ತರ ಕೊಡಬೇಕಾದವಳಿಗೆ ಲೆಕ್ಕವನ್ನು ತಿಳಿಯುವ ಅಧಿಕಾರವೂ ಬೇಡವೆನ್ನುವ ಅಧಿಕಾರವೂ ಇರಲೇಬೇಕಷ್ಟೆ. ನಮ್ಮ ದೇಶದಲ್ಲಿ ವಿವಾಹಿತ ಸ್ತ್ರೀಯರ ಸ್ವತ್ತನ್ನು ಕುರಿತ 1874ರ ಶಾಸನವು, ಕ್ರೈಸ್ತ ಪತ್ನಿಯು ದುಡಿದು ಗಳಿಸಿದುದು ಆಕೆಯದೇ ಎಂದು ವಿಧಿಸಿತು. ಶಾಸನವು ಗೆರೆಯೆಳೆದು ಬೇರ್ಪಡಿಸಬಲ್ಲುದು; ಬೇರ್ಪಟ್ಟುದನ್ನು ಮನಸಾರೆ ಒಂದುಗೂಡಿಸುವುದು ಶ್ರದ್ಧೆಯ ಕಾರ್ಯ. ತನ್ನದೆಂಬುದೇ ಇಲ್ಲದವಳು ಕೊಟ್ಟಳೆಂದು ಹೇಳುವುದಾದರೂ ಹೇಗೆ?

ಆದುದರಿಂದ ತಿಂಗಳಿಗೊಮ್ಮೆ ದಂಪತಿಗಳು ಆಯವ್ಯಯದ ಪುಸ್ತಕವನ್ನು ಕೂಡಿ ತೆರೆಯುವುದು ಪ್ರಾರ್ಥನೆಗಿಂತ ಕೀಳಾದ ಕೆಲಸವಲ್ಲ. ಆ ಇಬ್ಬರಲ್ಲಿ ಒಬ್ಬರಾದರೂ ಅಡ್ಡಬಂದಿದ್ದರೆ ಆ ಸುಳ್ಳು ಹುಟ್ಟುತ್ತಿರಲಿಲ್ಲ. ಯಾರನ್ನು ಒಂಟಿಯಾಗಿ ಕೇಳಿದರೂ ನಾಚದೆ ಓದಿ ಹೇಳಬಹುದಾದ ಲೆಕ್ಕವೇ ಧರ್ಮದ ಲೆಕ್ಕವು.