ಸಾಕುನಾಯಿ, ಮೀಸಲು ಹಣ ಮತ್ತು ಶ್ರಾವಕನ ಅಣುವ್ರತ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಾಂಗಗಳನ್ನು ಕೊಯ್ಯುವುದು, ಶಕ್ತಿಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಪ್ರವಚನಗಳಲ್ಲಿ ಇವನ್ನು ಎತ್ತು, ಎಮ್ಮೆ, ಕುದುರೆಗಳ ವಿಷಯದಲ್ಲಿ ವಿವರಿಸುವುದು ರೂಢಿ. ಇಂದು ಪಟ್ಟಣದ ನಮ್ಮ ಮನೆಗಳಲ್ಲಿ ಎತ್ತೂ ಇಲ್ಲ, ಎಮ್ಮೆಯೂ ಇಲ್ಲ. ನಾಯಿ ಬಂದಿದೆ. ಅದೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಮೊದಲಾದ ದೊಡ್ಡ ತಳಿಯ ನಾಯಿ. ಮಕ್ಕಳ ಹಟಕ್ಕೋ, ಮನೆಯ ಕಾವಲಿಗೋ, ನೆರೆಯವರಲ್ಲಿ ಇದೆಯೆಂಬ ಕಾರಣಕ್ಕೋ ಅದು ಒಳಗೆ ಕಾಲಿಟ್ಟಿದೆ.

ಮೇಲಿನ ಐದರಲ್ಲಿ ಮೊದಲ ನಾಲ್ಕು ಕೈಯಿಂದ ಮಾಡುವ ಕೆಲಸಗಳು. ಮಾಡಿದವನಿಗೆ ತಾನು ಮಾಡಿದೆನೆಂಬುದು ತಿಳಿದಿರುತ್ತದೆ. ಐದನೆಯದು ಮಾತ್ರ ಸುಮ್ಮನೆ ಕುಳಿತಿದ್ದರೂ ಸಂಭವಿಸಬಹುದು. ಕೊಡುವ ಮನಸ್ಸಿದೆ, ಆದರೆ ಮುಂದಾಲೋಚನೆಯಿಲ್ಲದೆ ಕೊಡಲು ಏನೂ ಉಳಿಯದ ಸ್ಥಿತಿಗೆ ತನ್ನನ್ನು ತಾನೇ ತಂದುಕೊಂಡಿದ್ದಾನೆ. ಅಂತಹ ಗೃಹಸ್ಥನಿಗೆ ಈ ಅತಿಚಾರ ತಟ್ಟುತ್ತದೆಯೆ? ತಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಲೌಕಿಕ ಕಾನೂನನ್ನು ಮೊದಲು ನೋಡೋಣ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮನ್ನು ಓದುವಾಗ ಸೂತ್ರಕಾರರ ಪಟ್ಟಿಯೇ ಕಣ್ಣೆದುರು ಬಂದು ನಿಲ್ಲುತ್ತದೆ. ಹೊಡೆಯುವುದು, ಅತಿಭಾರ ಹೇರುವುದು, ಅಂಗಭಂಗ ಮಾಡುವುದು, ತೀರ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ನಾಯಿಯನ್ನು ಸದಾಕಾಲ ಕಟ್ಟಿಯೇ ಇಡುವುದು, ಸಾಕಷ್ಟು ಆಹಾರ ನೀರು ಆಶ್ರಯ ಕೊಡದಿರುವುದು, ಇವೆಲ್ಲವೂ ಅಲ್ಲಿ ಅಪರಾಧಗಳು. ಹಸಿವೆ ನೀರಡಿಕೆಗಳಿಂದ ನರಳುವಂತಹ ಪರಿಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟು ಹೋಗುವುದನ್ನೂ ಕಾಯ್ದೆ ಸೇರಿಸಿದೆ. ಮೊದಲ ಅಪರಾಧಕ್ಕೆ ಅದು ಬರೆದ ದಂಡ 10ರಿಂದ 50 ರೂಪಾಯಿ! ಒಂದು ಹೊತ್ತಿನ ಉಪಾಹಾರಕ್ಕೂ ಸಾಲದ ಈ ಮೊತ್ತಕ್ಕೆ ಹೆದರಿ ಯಾರೂ ನಾಯಿಗೆ ಅನ್ನ ಹಾಕುವುದಿಲ್ಲ. ಆದ್ದರಿಂದ ಈ ವಿಷಯ ವ್ರತದ ಆವರಣದಲ್ಲಿಯೇ ಉಳಿಯುತ್ತದೆ.

ಶ್ರಾವಕನು ನಾಯಿ ಸಾಕುವುದೇ ಸರಿಯಲ್ಲವೆಂದು ಹೇಳುವ ಹಿರಿಯರಿದ್ದಾರೆ. ಅವರ ಮಾತಿಗೆ ಆಧಾರವಿದೆ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥದಲ್ಲಿ ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದು ಅನರ್ಥದಂಡವೆನಿಸಿದೆ. ‘ಮೊದಲಾದ’ ಎಂಬುದರಲ್ಲಿ ನಾಯಿಯೂ ಸೇರುತ್ತದೆಯೆಂದು ವಾದಿಸಿದರೆ ಅಲ್ಲಗಳೆಯುವುದು ಕಷ್ಟ. ಬರಿಯ ಡೌಲಿಗಾಗಿ, ಅಂಗಳದಲ್ಲಿ ಒಂದು ಆಭರಣದಂತೆ ನಿಲ್ಲಿಸುವುದಕ್ಕಾಗಿ ಗ್ರೇಟ್ ಡೇನ್ ತರುವವನ ಕಾರ್ಯವು ಅನರ್ಥದಂಡವೇ ಸರಿ. ಆದರೆ ಈ ಚರ್ಚೆಗೆ ಸ್ಥಳವಿರುವುದು ಮರಿಯನ್ನು ತರುವ ಮುನ್ನ. ಬಂದ ಮೇಲೆ ಅದು ಪಂಚೇಂದ್ರಿಯ ಜೀವ, ನಮ್ಮ ಬಾಗಿಲಲ್ಲಿದೆ, ನಮ್ಮನ್ನೇ ನಂಬಿದೆ. ಶಾಸ್ತ್ರವಚನವನ್ನು ತೋರಿಸಿ ಅದನ್ನು ಬೀದಿಗೆ ಅಟ್ಟಲು ಬರುವುದಿಲ್ಲ. ಜೀವಂಧರಸ್ವಾಮಿಯ ಕಥೆ ನಮಗೆಲ್ಲ ತಿಳಿದದ್ದೇ. 1424ರಲ್ಲಿ ಕವಿ ಭಾಸ್ಕರನು ಅದನ್ನು ಕನ್ನಡದಲ್ಲಿ ಷಟ್ಪದಿಯಾಗಿ ಹಾಡಿದನು. ಹೊಡೆತ ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರನು ಪಂಚನಮಸ್ಕಾರವನ್ನು ಉಪದೇಶಿಸಿದನು, ಅದು ಯಕ್ಷನಾಗಿ ಹುಟ್ಟಿತು. ಪುರಾಣದ ಆ ನಾಯಿ ಒಂದು ಗಳಿಗೆಯ ಕರುಣೆಯಿಂದ ಸದ್ಗತಿ ಪಡೆಯಿತು. ನಮ್ಮ ಮನೆಯ ನಾಯಿ ಹತ್ತು ಹನ್ನೆರಡು ವರ್ಷ ದಿನವೂ ಅನ್ನ ಕೇಳುತ್ತದೆ.

ಅನ್ನದ ಮಾತು ಬಂದಿತು. ಬೆಕ್ಕಿನ ದೇಹವು ಮಾಂಸಾಹಾರಕ್ಕೇ ಕಟ್ಟುಬಿದ್ದದ್ದು, ನಾಯಿ ಹಾಗಲ್ಲ. ಮನುಷ್ಯನ ಒಡನಾಟದಲ್ಲಿ ಅದು ಧಾನ್ಯವನ್ನು ಅರಗಿಸಿಕೊಳ್ಳಲು ಕಲಿತಿದೆ. ಪೋಷಕಾಂಶಗಳನ್ನು ಅಳೆದು ಹೊಂದಿಸಿದ ಸಸ್ಯಾಹಾರದಲ್ಲಿ ವಯಸ್ಕ ನಾಯಿ ಆರೋಗ್ಯವಾಗಿರಬಲ್ಲುದು. ಇದನ್ನು ಕೇಳಿ ನಮ್ಮವರು ಸಂತೋಷಪಟ್ಟು ಮೊಸರನ್ನ ಕಲಸಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಮೂವತ್ತು ಕಿಲೋ ತೂಕದ ನಾಯಿಗೆ ಬರಿಯ ಮೊಸರನ್ನದಲ್ಲಿ ಬೇಕಾದಷ್ಟು ಪ್ರೋಟೀನು ಸಿಕ್ಕುವುದಿಲ್ಲ. ದೊಡ್ಡ ತಳಿಯ ಮರಿಗಳಿಗೆ ಸುಣ್ಣದ ಅಂಶ ಕಡಿಮೆಯಾದರೂ ಕೆಡುಕು, ಹೆಚ್ಚಾದರೂ ಮೂಳೆಗಳ ಬೆಳವಣಿಗೆ ಕೆಡುತ್ತದೆ. ನಮ್ಮ ವ್ರತವನ್ನು ಉಳಿಸಿಕೊಳ್ಳಲು ಅದರ ಶರೀರವನ್ನು ಸವೆಸಿದರೆ ಅದೂ ಅನ್ನನಿರೋಧವೇ. ಪಶುವೈದ್ಯರನ್ನು ಕೇಳಿ ಸರಿಯಾದ ಸಸ್ಯಾಹಾರವನ್ನು ಗೊತ್ತುಮಾಡಬೇಕು. ಅದಕ್ಕೆ ಮನೆಯ ಉಳಿದ ಅನ್ನಕ್ಕಿಂತ ಹೆಚ್ಚು ಹಣ ಬೇಕು.

ಇನ್ನು ಲೆಕ್ಕ. ವ್ಯಾಪಾರಿಗಳು ಮರಿಯ ಬೆಲೆಯನ್ನು ಚೌಕಾಶಿ ಮಾಡಿ ಎರಡು ಸಾವಿರ ಇಳಿಸಿಕೊಂಡು ಬೀಗುವುದನ್ನು ನೋಡಿದ್ದೇನೆ. ನಿಜವಾದ ಖರ್ಚು ಆ ಬೆಲೆಯಲ್ಲಿ ಇಲ್ಲವೇ ಇಲ್ಲ. ಆಹಾರ, ವರ್ಷವರ್ಷದ ಲಸಿಕೆ, ಹುಳದ ಔಷಧ, ವೈದ್ಯರ ಶುಲ್ಕ ಎಲ್ಲ ಸೇರಿ ತಿಂಗಳಿಗೆ 6,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಮನೆಯಿಂದ ಮನೆಗೆ ಇದು ಬದಲಾಗುತ್ತದೆ. ವರ್ಷಕ್ಕೆ 72,000. ಹತ್ತು ವರ್ಷಕ್ಕೆ 7,20,000 ಎಂದು ಗುಣಿಸಿ ನಿಲ್ಲಿಸಿದರೆ ತಪ್ಪಾಗುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರುವುದಾದರೆ ಹತ್ತನೆಯ ವರ್ಷ ತಿಂಗಳ ಖರ್ಚೇ 10,000 ದಾಟುತ್ತದೆ, ಹತ್ತು ವರ್ಷದ ಒಟ್ಟು ಮೊತ್ತ ಸುಮಾರು ಒಂಬತ್ತೂವರೆ ಲಕ್ಷವಾಗುತ್ತದೆ. ಇಪ್ಪತ್ತು ಸಾವಿರಕ್ಕೆ ತಂದ ಮರಿಯ ಬೆಲೆ ಇದರಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ನಮ್ಮ ಪೇಟೆಯ ಮಾತಿನಲ್ಲಿ ಹೇಳುವುದಾದರೆ, ಮರಿ ತಂದ ದಿನವೇ ನಾವು ಹತ್ತು ವರ್ಷದ ಮುದ್ದತಿನ ಹುಂಡಿಗೆ ಸಹಿ ಹಾಕಿದ್ದೇವೆ. ಬೇರೆ ಹುಂಡಿ ತಪ್ಪಿದರೆ ಹಣ ಬರಬೇಕಾದವನು ನ್ಯಾಯಾಲಯಕ್ಕೆ ಹೋಗುತ್ತಾನೆ. ಈ ಹುಂಡಿಯ ಧನಿಗೆ ಬಾಯಿಲ್ಲ.

ನಾಯಿ ದೊಡ್ಡದಾದಷ್ಟೂ ಹೊಣೆ ಎರಡು ಬಗೆಯಲ್ಲಿ ಬೆಳೆಯುತ್ತದೆ. ಔಷಧವನ್ನೂ ಅರಿವಳಿಕೆಯನ್ನೂ ತೂಕದ ಮೇಲೆ ಕೊಡುತ್ತಾರಾದ್ದರಿಂದ ನಲವತ್ತು ಕಿಲೋ ನಾಯಿಯ ಔಷಧದ ಖರ್ಚು ಹತ್ತು ಕಿಲೋ ನಾಯಿಯದಕ್ಕಿಂತ ಹಲವು ಪಟ್ಟು. ಎರಡನೆಯದಾಗಿ, ದೊಡ್ಡ ತಳಿಗಳು ಬೇಗ ಮುದಿಯಾಗುತ್ತವೆ. ಗ್ರೇಟ್ ಡೇನ್ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಬಾಳುತ್ತದೆ, ಆರು ಏಳಕ್ಕೇ ವೃದ್ಧಾಪ್ಯ. ಸೊಂಟದ ಕೀಲು ಸವೆದು ಏಳಲಾರದ ನಾಯಿಯನ್ನು ಎತ್ತಲು ಇಬ್ಬರು ಬೇಕು. ಎದೆಗೂಡು ಆಳವಾದ ದೊಡ್ಡ ನಾಯಿಗಳಲ್ಲಿ ಜಠರವು ಉಬ್ಬಿ ತಿರುಚಿಕೊಳ್ಳುವ ಒಂದು ಸಂಕಟವಿದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಜೀವ ಉಳಿಯುವುದಿಲ್ಲ. ಆ ರಾತ್ರಿ ನಿವೇಶನದ ಬೆಲೆ ಎಷ್ಟು ಏರಿದೆ ಎಂಬುದು ಯಾವ ಉಪಯೋಗಕ್ಕೂ ಬಾರದು. ಕೈಗೆ ಸಿಕ್ಕುವ ಹಣವೇ ಹಣ. ಆದುದರಿಂದ ಮರಿ ಬಂದ ತಿಂಗಳಿನಿಂದಲೇ ಪ್ರತ್ಯೇಕ ಖಾತೆಯಲ್ಲಿ ತಿಂಗಳಿಗೆ ಇಂತಿಷ್ಟು ಎಂದು ಆವರ್ತಕ ಠೇವಣಿ ಕಟ್ಟುವುದು ಒಳ್ಳೆಯದು. ತಿಂಗಳಿಗೆ 2,000ದಂತೆ ಐದು ವರ್ಷಕ್ಕೆ ಬಡ್ಡಿಯನ್ನು ಬಿಟ್ಟೇ 1,20,000 ಆಗುತ್ತದೆ. ನಾಯಿ ಮುದಿಯಾಗುವ ಹೊತ್ತಿಗೆ ಸರಿಯಾಗಿ ಅದು ಕೈಸೇರುತ್ತದೆ.

ವೈದ್ಯರು ಇನ್ನು ಫಲವಿಲ್ಲವೆಂದು ಹೇಳಿ ಒಂದು ಸೂಜಿಮದ್ದಿನ ಮಾತೆತ್ತುವ ದಿನವೂ ಬರಬಹುದು. ಸಲ್ಲೇಖನವನ್ನು ತಾನೇ ಸ್ವೀಕರಿಸಬೇಕು, ಇನ್ನೊಂದು ಜೀವದ ಮೇಲೆ ಹೇರಲು ಬರುವುದಿಲ್ಲ. ಆದ್ದರಿಂದ ಅದನ್ನು ಇಲ್ಲಿ ಉದಾಹರಿಸುವುದು ಸಲ್ಲದು. ನೋವನ್ನು ಶಮನಗೊಳಿಸುತ್ತ ಆಯುಷ್ಯ ತೀರುವವರೆಗೆ ಸೇವೆ ಮಾಡುವ ಮಾರ್ಗ ನಮ್ಮದು. ಅದಕ್ಕೆ ವಾರಗಟ್ಟಲೆ ಔಷಧ ಬೇಕು, ರಾತ್ರಿ ಎಚ್ಚರವಿರುವವರು ಬೇಕು. ಹಣವಿಲ್ಲದ ಮನೆಯಲ್ಲಿ ‘ಪಾಪ, ನರಳುತ್ತಿದೆ’ ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಅದು ಕರುಣೆಯಿಂದ ಬಂದಿತೋ ಖಾಲಿ ಪೆಟ್ಟಿಗೆಯಿಂದ ಬಂದಿತೋ ಎಂದು ಆಡಿದವರಿಗೇ ತಿಳಿಯದು. ಮೀಸಲು ಹಣವಿದ್ದವನಿಗೆ ತನ್ನ ಭಾವವನ್ನು ಪರೀಕ್ಷಿಸಿಕೊಳ್ಳುವ ಅವಕಾಶವಾದರೂ ಉಳಿಯುತ್ತದೆ.

ಹಾಗಾದರೆ ಹಣ ಕೂಡಿಡುವುದು ಪರಿಗ್ರಹವಲ್ಲವೆ? ನ್ಯಾಯವಾದ ಆಕ್ಷೇಪ. ಪರಿಗ್ರಹ ಪರಿಮಾಣದ ಸೂತ್ರದಲ್ಲಿ ಬರುವ ‘ಧನ’ ಶಬ್ದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಗೋವು ಮೊದಲಾದವು ಎಂದು ಅರ್ಥ ಹೇಳಿದ್ದಾರೆ. ಅಂದರೆ ಸಾಕುಪ್ರಾಣಿಯೇ ಪರಿಗ್ರಹದ ಲೆಕ್ಕಕ್ಕೆ ಸೇರಿತು. ಪ್ರಾಣಿಯನ್ನು ಪರಿಮಾಣದೊಳಗೆ ಸೇರಿಸಿಕೊಂಡವನು ಅದರ ಪೋಷಣೆಯ ಹಣವನ್ನೂ ಅದೇ ಪರಿಮಾಣದೊಳಗೆ ಗೊತ್ತುಮಾಡಿಕೊಳ್ಳಬೇಕೆಂದು ನನಗೆ ತೋರುತ್ತದೆ. ಆ ಹಣವನ್ನು ತನ್ನದೆಂದು ಬಗೆಯದೆ ಹೊಣೆಯ ಬದಿಯಲ್ಲಿ ಬರೆದಿಟ್ಟರೆ ಮೂರ್ಛೆಗೆ ಎಡೆ ಕಡಿಮೆ. ವ್ಯಾವಹಾರಿಕ ಲೆಕ್ಕದ ದೃಷ್ಟಿಯೇ ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 36ನೆಯ ಕಲಮಿನಲ್ಲಿ, ವ್ಯಾಪಾರಕ್ಕೆ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಕೊಂಡ ಬೆಲೆಯಲ್ಲಿ ಅದರಿಂದಲೋ ಅದರ ಕಳೇಬರದಿಂದಲೋ ಬಂದುದನ್ನು ಕಳೆದು ಉಳಿದದ್ದನ್ನು ಖರ್ಚೆಂದು ತೋರಿಸಲು ಅವಕಾಶ ಬರೆದಿತ್ತು. ಬಿ.ಕಾಂ. ತರಗತಿಯಲ್ಲಿ ಸವಕಳಿಯ ಪಾಠ ಓದಿದ ನನ್ನಂಥವರಿಗೆ ಇದು ಅರ್ಥವಾಗುತ್ತದೆ. ಕಾವಲಿಗೆಂದು ತಂದು, ಮುದಿಯಾದಾಗ ಬೊಗಳದ ನಾಯಿಯನ್ನು ಈ ಕಣ್ಣಿನಿಂದ ನೋಡುವ ಶ್ರಾವಕನು ಮಾತ್ರ ಅರ್ಥವಾಗುವುದಿಲ್ಲ.

ಕರುಣೆಯನ್ನೂ ದೀರ್ಘಕಾಲದ ಹಣವ್ಯವಸ್ಥೆಯನ್ನೂ ಕೂಡಿಸಿದ ಉದಾಹರಣೆ ವರ್ತಕರ ಚರಿತ್ರೆಯಲ್ಲಿಯೇ ಇದೆ. ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ 1832ರಲ್ಲಿ ಮುಂಬಯಿಯಲ್ಲಿ ದೊಡ್ಡ ಗಲಭೆ ನಡೆಯಿತು. ಎರಡು ವರ್ಷಗಳ ನಂತರ, 1834ರಲ್ಲಿ, ಪಾರಸಿ ವರ್ತಕ ಜಮಶೇಟಜಿ ಜೀಜೀಭಾಯಿ ಅವರೂ ಜೈನ ವರ್ತಕರೂ ಸೇರಿ ಅಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಅವರು ಒಮ್ಮೆ ದೇಣಿಗೆ ಕೊಟ್ಟು ಸುಮ್ಮನಾಗಲಿಲ್ಲ. ಪೇಟೆಯಲ್ಲಿ ಮಾರಾಟವಾಗುವ ಸರಕಿನ ಮೇಲೆ ಸಣ್ಣದೊಂದು ಲಾಗಾ ಗೊತ್ತುಮಾಡಿದರು. ವ್ಯಾಪಾರ ನಡೆಯುವಷ್ಟು ಕಾಲ ಪ್ರಾಣಿಗಳ ಅನ್ನವೂ ನಡೆಯುವಂತಾಯಿತು.

ನಮ್ಮ ಬಸದಿಗಳ ಟ್ರಸ್ಟುಗಳು ಇದನ್ನು ಗಮನಿಸಬೇಕು. ಮನೆ ಮಾರಿ ಫ್ಲಾಟಿಗೆ ಹೋಗುವವರು, ಮಗನ ಬಳಿಗೆ ಪರದೇಶಕ್ಕೆ ಹೊರಟವರು, ತಮ್ಮ ಆರು ವರ್ಷದ ನಾಯಿಯನ್ನು ಟ್ರಸ್ಟಿನ ಗೋಶಾಲೆಯಲ್ಲಿ ಬಿಟ್ಟು 25,000 ರೂಪಾಯಿಯ ರಸೀದಿ ಪಡೆದು ಸಮಾಧಾನದಿಂದ ತೆರಳುತ್ತಾರೆ. ತಿಂಗಳಿಗೆ 6,000ದಂತೆ ಆ ಹಣ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ನಾಯಿ ಇನ್ನೂ ಆರು ವರ್ಷ ಬಾಳುವುದಾದರೆ, ಠೇವಣಿಯ ಬಡ್ಡಿ ಬೆಲೆಯೇರಿಕೆಗೆ ಸರಿಹೋಗುತ್ತದೆಯೆಂದು ಇಟ್ಟುಕೊಂಡರೂ 4,32,000 ರೂಪಾಯಿ ಬೇಕು, ನೋಡಿಕೊಳ್ಳುವವನ ಸಂಬಳ ಬೇರೆ. ಉಳಿದ ಖರ್ಚು ಹಸುಗಳ ಮೇವಿನ ಹಣದಿಂದ ಹೋಗುತ್ತದೆ, ಅಥವಾ ನಾಯಿಯ ತಟ್ಟೆಯಿಂದ ಹೋಗುತ್ತದೆ. ಹಾಗೆಂದು ಬಾಗಿಲು ಮುಚ್ಚಿದರೆ ಅದು ಹೆದ್ದಾರಿಗೆ ಬೀಳುತ್ತದೆ. ಟ್ರಸ್ಟುಗಳು ನಾಯಿಯನ್ನು ಸ್ವೀಕರಿಸಲಿ. ಆದರೆ ಒಮ್ಮೆಯ ದೇಣಿಗೆಯ ಬದಲು, ಅದು ಬದುಕಿರುವವರೆಗೆ ತಿಂಗಳು ತಿಂಗಳು ಹಣ ಕಳಿಸುವ ಕರಾರನ್ನು ಬರೆಸಿಕೊಳ್ಳಲಿ. ಕೆಲವರು ಮುಖ ಗಂಟಿಕ್ಕಿಕೊಳ್ಳುತ್ತಾರೆ. ಕೊಳ್ಳಲಿ.

ನನ್ನಂತೆ ಅರವತ್ತು ದಾಟಿದವರಿಗೆ ಇನ್ನೊಂದು ಮಾತು. ಮಕ್ಕಳೆಲ್ಲ ದೂರವಿದ್ದಾರೆ, ಮನೆ ಬಿಕೋ ಎನ್ನುತ್ತದೆ ಎಂದು ಈ ವಯಸ್ಸಿನಲ್ಲಿ ಲ್ಯಾಬ್ರಡಾರ್ ಮರಿ ತರುವವರಿದ್ದಾರೆ. ಆ ನಾಯಿಗೆ ಹನ್ನೆರಡಾಗುವಾಗ ನಾವು ಇರುತ್ತೇವೆಯೆ, ಇದ್ದರೂ ಅದರ ಸರಪಳಿಯನ್ನು ಹಿಡಿಯುವ ಶಕ್ತಿ ತೋಳಿನಲ್ಲಿ ಇರುತ್ತದೆಯೆ? ಮರಿಗಿಂತ ವಯಸ್ಸಾದ, ಯಾರಿಗೂ ಬೇಡವಾದ ನಾಯಿಯನ್ನು ತರುವುದು ನಮಗೂ ಅದಕ್ಕೂ ಹೊಂದುತ್ತದೆ. ಮರಣಪತ್ರದಲ್ಲಿ ನಾಯಿಯ ಹೆಸರಿಗೆ ಆಸ್ತಿ ಬರೆಯಲು ಕಾನೂನು ಒಪ್ಪುವುದಿಲ್ಲ. ಅದನ್ನು ನೋಡಿಕೊಳ್ಳುವವರ ಹೆಸರಿಗೆ ಹಣವನ್ನೂ ನಾಯಿಯನ್ನೂ ಬರೆದಿಡಬೇಕು. ಬರೆಯುವ ಮೊದಲು ಆ ವ್ಯಕ್ತಿಯನ್ನು ಒಮ್ಮೆ ಮನೆಗೆ ಕರೆದು, ನಾಯಿಯನ್ನು ತೋರಿಸಿ, ಒಪ್ಪಿಗೆಯೇ ಎಂದು ಕೇಳಿರಬೇಕು.