ಬೆಲೆ ತೆತ್ತರೆ ತೀರುವ ಋಣವೇ?

ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುತ್ತೇವೆ. ಚಪ್ಪಲಿಗೆ ಹಲ್ಲಿಲ್ಲ, ಆದರೂ ಮಾತು ಸುಳ್ಳಲ್ಲ. ಚರ್ಮದ ಹೊಸ ಫುಟ್‌ಬಾಲ್ ಬೂಟು ಧರಿಸಿ ನೇರವಾಗಿ ಮೈದಾನಕ್ಕಿಳಿದವರಿಗೆ ಅದು ಚೆನ್ನಾಗಿ ಗೊತ್ತು. ಅರ್ಧ ಆಟ ಮುಗಿಯುವ ಮೊದಲೇ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿರುತ್ತದೆ.

ಚರ್ಮದ ಬೂಟನ್ನು ಪಳಗಿಸಬೇಕು. ಬಳಸಿದಂತೆ ಚರ್ಮ ಹಿಗ್ಗುವುದರಿಂದ ತುಸು ಬಿಗಿಯಾದದ್ದನ್ನೇ ಕೊಳ್ಳಬೇಕು. ಮೊದಲ ಕೆಲವು ದಿನ ಕಾಲುಚೀಲದೊಂದಿಗೆ ಅದನ್ನು ಧರಿಸಿ ಮನೆಯಲ್ಲೇ 15-20 ನಿಮಿಷ ಓಡಾಡಬೇಕು. ಅನಂತರ ಲಘು ಅಭ್ಯಾಸ, ಕೊನೆಗೆ ಪಂದ್ಯ. ಪಾದದ ಬಿಸಿಗೆ, ಬೆವರಿಗೆ ಚರ್ಮದ ನಾರುಗಳು ಮೆತ್ತಗಾಗಿ ಆ ಪಾದದ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳುತ್ತವೆ. ಎರಡು ಮೂರು ವಾರ ಕಳೆದ ಮೇಲೆ ಅದು ಅಂಗಡಿಯ ಬೂಟಲ್ಲ, ಒಬ್ಬ ಮನುಷ್ಯನ ಬೂಟು.

ಪಳಗಬೇಕಾದದ್ದು ಬೂಟು ಮಾತ್ರವಲ್ಲ, ಕಾಲು ಕೂಡ. ಒಂದು ಕಾಲದಲ್ಲಿ ನಮ್ಮ ದೇಶದ ಹೆಚ್ಚಿನ ಆಟಗಾರರು ಬರಿಗಾಲಿನವರೇ. ಮಳೆಗಾಲದ ಕೆಸರಿನಲ್ಲಿ ಬರಿಗಾಲು ಜಾರುವುದನ್ನು ಮನಗಂಡ ಕಲ್ಕತ್ತದ ಮೊಹಮ್ಮದನ್ ಸ್ಪೋರ್ಟಿಂಗ್ ಕ್ಲಬ್ ತನ್ನ ಆಟಗಾರರಿಗೆ ಬೂಟಿನ ಅಭ್ಯಾಸ ಮಾಡಿಸಿತು. ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಂಡಿದ್ದ ಆ ಕ್ಲಬ್ 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತ ಲೀಗ್ ಗೆದ್ದಿತು. ಬೂಟನ್ನು ಹಣ ಕೊಟ್ಟು ತರಬಹುದು, ಅಭ್ಯಾಸವನ್ನು ತರಲಾಗದು.

ಈ ಮಾತು ನಮಗೆ ಮನವರಿಕೆಯಾದದ್ದು ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ನಾವು ಕೆಲವು ಗೆಳೆಯರು ಊರಿನಲ್ಲೊಂದು ತಂಡ ಕಟ್ಟಿದ್ದೆವು. ನಮ್ಮಲ್ಲೊಬ್ಬ ರಜೆಯಲ್ಲಿ ಅಂಗಡಿಯೊಂದರಲ್ಲಿ ಮೂಟೆ ಹೊತ್ತು, ಕೂಡಿಟ್ಟ ಹಣದಲ್ಲಿ ಚರ್ಮದ ಬೂಟು ಕೊಂಡಿದ್ದ. ಮೂರು ವಾರ ಅದನ್ನು ಮಗುವಿನಂತೆ ನೋಡಿಕೊಂಡು ಪಳಗಿಸಿದ್ದ. ಸೆಮಿಫೈನಲ್ ದಿನ ಅವನಿಗೆ ಜ್ವರ. ಬೂಟು ಹರಿದಿದ್ದ ಇನ್ನೊಬ್ಬನಿಗೆ ತನ್ನದನ್ನೇ ಕೊಟ್ಟು ಕಳಿಸಿದ. ಅಂದು ಭಾರೀ ಮಳೆ. ಪಂದ್ಯ ಗೆದ್ದೆವು, ಬೂಟು ಕೆಸರಿನ ಮುದ್ದೆಯಾಗಿತ್ತು.

ಬೆಳಗಾಗುವುದರೊಳಗೆ ಒಣಗಿಸಿ ಒಪ್ಪಿಸಿಬಿಡೋಣ ಎಂದು ಅದನ್ನು ಬಚ್ಚಲ ಒಲೆಯ ಪಕ್ಕದಲ್ಲಿಟ್ಟೆವು. ಬೆಳಿಗ್ಗೆ ನೋಡಿದರೆ ಚರ್ಮ ಕಟ್ಟಿಗೆಯಂತೆ ಸೆಟೆದು ಬಿರುಕು ಬಿಟ್ಟಿತ್ತು. ಚರ್ಮದ ನಾರುಗಳ ನಡುವಿನ ಜಿಡ್ಡೇ ಅದರ ಮೃದುತ್ವದ ಗುಟ್ಟು. ಒದ್ದೆ ಚರ್ಮಕ್ಕೆ ಬೆಂಕಿಯ ಶಾಖ ತಗುಲಿದರೆ ನಾರುಗಳು ಕುಗ್ಗಿ ಗಡುಸಾಗುತ್ತವೆ. ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿ, ಒಳಗೆ ಹಳೆಯ ಪತ್ರಿಕೆ ತುರುಕಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಬಳಿಕ ಚರ್ಮಕ್ಕೆ ಹಚ್ಚುವ ಕ್ರೀಮ್ ಸವರಬೇಕಿತ್ತು. ಫೈನಲ್‌ಗೆ ಇನ್ನೂ ಒಂದು ವಾರವಿತ್ತು. ಅವಸರ ಬೂಟಿಗಿರಲಿಲ್ಲ, ಋಣದಿಂದ ಕಳಚಿಕೊಳ್ಳಬೇಕೆಂದಿದ್ದ ನಮಗಿತ್ತು.

ಚಂದಾ ಎತ್ತಿ ಅದೇ ಬೆಲೆಯ, ಅದೇ ಅಳತೆಯ ಹೊಸ ಬೂಟು ತಂದುಕೊಟ್ಟೆವು. ಲೆಕ್ಕ ಚುಕ್ತಾ ಆಯಿತೆಂದು ನಿರಾಳವಾದೆವು. ಫೈನಲ್‌ನಲ್ಲಿ ಆ ಬೂಟು ಅವನನ್ನು ಕಚ್ಚಿತು. ವಿರಾಮದ ವೇಳೆಗೆ ರಕ್ತ ಒಸರುವ ಹಿಮ್ಮಡಿಯೊಂದಿಗೆ ಅವನು ಹೊರಬಂದ. ನಮ್ಮನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು ಎಂದು ನಮಗೆ ಅನ್ನಿಸಿತು.

ನಾವು ಹಿಂದಿರುಗಿಸಿದ್ದು ಬೂಟಿನ ಬೆಲೆಯನ್ನು. ಹಾಳು ಮಾಡಿದ್ದು ಅವನ ಮೂರು ವಾರಗಳ ನಡಿಗೆಯನ್ನು. ರಸ್ತೆ ಅಗಲಿಸುವಾಗ ಅಂಗಳದ ಹಲಸಿನ ಮರ ಕಡಿದು ಪರಿಹಾರ ಕೊಡುತ್ತಾರೆ. ಮರಕ್ಕೆ ಬೆಲೆ ಸಿಗುತ್ತದೆ, ಅದರ ನೆರಳಿನಲ್ಲಿ ಕಳೆದ ಬೇಸಿಗೆಗಳಿಗೆ ಸಿಗದು. ಹಾಗೆಂದು ಪರಿಹಾರ ಬೇಡವೆನ್ನುವುದು ಅನ್ಯಾಯವೇ ಸರಿ. ಬೆಲೆಯನ್ನಂತೂ ತೆರಲೇಬೇಕು. ಆದರೆ ಬೆಲೆ ತೆತ್ತೊಡನೆ ಎದುರಿಗಿರುವವನ ನಷ್ಟವೂ ತೀರಿತೆಂದು ಭಾವಿಸುವ ಹಕ್ಕು ನಮಗಿದೆಯೇ?

ಆ ಋತು ಮುಗಿಯುವವರೆಗೆ ಅವನ ಬೂಟಿನ ಮಣ್ಣು ಒರೆಸಿ, ನೆರಳಿನಲ್ಲಿ ಒಣಗಿಸುವ ಕೆಲಸವನ್ನು ನಾವು ಸರದಿಯಂತೆ ಮಾಡಿದೆವು. ಮೊದಮೊದಲು ಅವನು ಸಂಕೋಚದಿಂದ ಬೇಡವೆಂದ, ಆಮೇಲೆ ಸುಮ್ಮನಾದ. ಹೋದ ಮೂರು ವಾರಗಳು ಅದರಿಂದ ಮರಳಲಿಲ್ಲ. ಆದರೆ ಕಾಲದ ಋಣವನ್ನು ಕಾಲದಿಂದಲೇ ತೀರಿಸಬೇಕೆಂಬುದು ಮಾತ್ರ ನಮಗೆ ತಿಳಿಯಿತು.